ಮೇಷ್ಟ್ರು ತಿದ್ದಿದ ಬುಟ್ಟಿಗಳು

“ಗುರುಗಳೇ, ಮಗು ಡೊಂಕಾಗಿ ಮಾಡಿದ್ದನ್ನು ದೊಡ್ಡವನು ನೇರ ಮಾಡಿಟ್ಟರೆ ತಪ್ಪೇ?”

ಕೇಳಿದವನು ಹೊನ್ನೂರ. ಕಲ್ಲು ಒಡೆಯುವವರ ಕೇರಿಯಲ್ಲಿ ಐದನೆಯ, ಆರನೆಯ ತರಗತಿಯ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುತ್ತಿದ್ದ. ಮಕ್ಕಳು ಜೋಳದ ದಂಟಿನಿಂದ ಬಂಡಿ ಮಾಡಿದ್ದರು, ತೆಂಗಿನ ಚಿಪ್ಪಿನಿಂದ ದೀಪ ಮಾಡಿದ್ದರು. ಮರುದಿನ ಪ್ರದರ್ಶನ. ಊರಿನ ದೊಡ್ಡವರು ನೋಡಲು ಬರುವವರಿದ್ದರು. ಹೊನ್ನೂರನ ಒಂದು ಕೈಯಲ್ಲಿ ಬಣ್ಣದ ಡಬ್ಬಿ ಇತ್ತು, ಇನ್ನೊಂದರಲ್ಲಿ ಉಜ್ಜುವ ಕಾಗದ.

ಗುರು ಡಬ್ಬಿಯನ್ನು ನೋಡಿದರು.

“ಕೂತುಕೋ. ಡಬ್ಬಿ ಕೆಳಗಿಡು, ಮುಚ್ಚಳ ತೆಗೆಯಬೇಡ. ಮೊದಲು ಇದನ್ನು ಕೇಳು.”

ಗುರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದ. ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಈ ಕತೆ ನಡೆಯಿತು. ಕೆಟ್ಟವನಾಗಿದ್ದರೆ ರಜೆಯಲ್ಲಿ ಮನೆಯಲ್ಲಿ ಮಲಗಿರುತ್ತಿದ್ದ.

ಬೇಸಿಗೆ ರಜೆ ಎಂದರೆ ಉಳ್ಳವರ ಮಕ್ಕಳಿಗೆ ಅಜ್ಜಿಯ ಮನೆ, ಮಾವಿನ ಹಣ್ಣು. ಕೂಲಿಯವರ ಮಕ್ಕಳಿಗೆ ಬೀಗ ಹಾಕಿದ ಬಾಗಿಲು, ಅದರ ಮುಂದಿನ ಕಟ್ಟೆ. ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಅವರು ಆ ಕಟ್ಟೆಯ ಮೇಲೆ ಕಾಯುತ್ತಾರೆ. ಅದಕ್ಕೂ ರಜೆ ಎಂದೇ ಹೆಸರು. ಮೇಷ್ಟ್ರಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಊರಿನ ಸಾಹುಕಾರನ ಬಳಿಗೆ ಹೋಗಿ, ಖಾಲಿ ಬಿದ್ದಿದ್ದ ಗೋದಾಮನ್ನು ರಜೆಯ ಮಟ್ಟಿಗೆ ಕೇಳಿದ.

ಸಾಹುಕಾರ ನಕ್ಕ. “ಈ ಮಕ್ಕಳ ಕೈಗೆ ಅಕ್ಷರವೇ ಹತ್ತಲಿಲ್ಲ, ಕಸುಬು ಹತ್ತುತ್ತದೆಯೇ ಮೇಷ್ಟ್ರೇ? ಆಗಲಿ, ಇಟ್ಟುಕೊಳ್ಳಿ. ಕೊನೆಗೆ ಬಂದು ನೋಡುತ್ತೇನೆ. ನೋಡುವ ಹಾಗಿದ್ದರೆ ಮುಂದಿನ ಬೇಸಿಗೆಗೂ ಜಾಗ ನಿಮ್ಮದೇ. ಇಲ್ಲದಿದ್ದರೆ ಅಲ್ಲಿ ಹತ್ತಿ ತುಂಬಿಸುತ್ತೇನೆ.”

ಮೇಷ್ಟ್ರು ಖರ್ಚಿಲ್ಲದ ಕೆಲಸ ಹುಡುಕಿದ. ಆ ಸೀಮೆಯ ಹೆಂಗಸರು ಹಿಂದೆ ಬೇಸಿಗೆಯಲ್ಲಿ ಕಾಗದದ ಬುಟ್ಟಿ ಮಾಡುತ್ತಿದ್ದರು. ಹಳೆಯ ಪೇಪರನ್ನು ಹರಿದು ನೀರಿನಲ್ಲಿ ನೆನೆಹಾಕಬೇಕು. ಮೆತ್ತಗಾದ ಮೇಲೆ ಹಿಂಡಿ, ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಬೇಕು. ಮೆಂತ್ಯವೇ ಅಂಟು, ಅದರ ಕಹಿಗೆ ಹುಳವೂ ಬರುವುದಿಲ್ಲ. ಮಡಕೆಯೊಂದನ್ನು ಬೋರಲು ಹಾಕಿ, ಬೂದಿ ಸವರಿ, ಅದರ ಮೇಲೆ ಈ ಮುದ್ದೆಯನ್ನು ಬೆರಳಿನಿಂದ ಒತ್ತಿ ಒತ್ತಿ ಹಚ್ಚಬೇಕು. ಬಿಸಿಲಿಗೆ ಒಣಗಿದ ಮೇಲೆ ಮೆಲ್ಲಗೆ ಕಳಚಿದರೆ ಬುಟ್ಟಿ ಸಿಗುತ್ತದೆ. ಕಾಗದ ರದ್ದಿಯದು, ಬಿಸಿಲು ಪುಕ್ಕಟೆ. ಒತ್ತಿದ ಬೆರಳುಗಳ ಗುಳಿ ಮಾತ್ರ ಬುಟ್ಟಿಯ ಹೊರಮೈಯಲ್ಲಿ ಹಾಗೆಯೇ ಉಳಿದುಬಿಡುತ್ತದೆ.

ಮಕ್ಕಳು ಮೊಣಕೈವರೆಗೆ ಮುದ್ದೆ ಮೆತ್ತಿಕೊಂಡರು.

“ಮೇಷ್ಟ್ರೇ, ಇದರಲ್ಲಿ ದೋಸೆ ಹುಯ್ಯಬಹುದಾ?” ಎಂದು ಒಬ್ಬ ಹುಡುಗ ಕೇಳಿದ.

“ಹುಯ್ದು ನೀನೇ ತಿನ್ನು. ಪೇಪರಿನ ಸುದ್ದಿಯೆಲ್ಲ ನಿನ್ನ ಹೊಟ್ಟೆಗೆ ಹೋಗಲಿ. ಹೇಗೂ ಓದುವುದಿಲ್ಲ,” ಎಂದಳು ಪಕ್ಕದಲ್ಲಿದ್ದ ಹುಡುಗಿ.

ಬುಟ್ಟಿಗಳು ಒಣಗಿದವು. ಕೆಲವುಗಳ ಬಾಯಿ ವಾರೆ, ಕೆಲವುಗಳ ತಳ ಉಬ್ಬು. ಆ ಹುಡುಗಿಯದು ಒಂದು ಕಡೆಗೆ ವಾಲುತ್ತಿತ್ತು. ಅವಳು ಅದರಲ್ಲಿ ಹುಣಸೆ ಬೀಜ ತುಂಬಿ ನೋಡಿದಳು. “ವಾಲಿದರೇನು, ಚೆಲ್ಲುವುದಿಲ್ಲ,” ಎಂದಳು. ಮನೆಗೆ ಹೋಗಿ ತಾಯಿಗೆ, “ಅಮ್ಮ, ಒಣಮೆಣಸಿನಕಾಯಿ ಇಡೋಕೆ ನಿನಗೊಂದು ಬುಟ್ಟಿ ಮಾಡಿದ್ದೀನಿ, ಬಂದು ನೋಡು,” ಎಂದು ಹೇಳಿದಳು.

ಆದರೆ ಮೇಷ್ಟ್ರಿಗೆ ಸಾಹುಕಾರನ ಮಾತು ಕಿವಿಯಲ್ಲಿ ಕೂತಿತ್ತು. ಈ ಡೊಂಕು ಬುಟ್ಟಿಗಳನ್ನು ನೋಡಿದರೆ ಅವನು ನಗುತ್ತಾನೆ, ಗೋದಾಮು ಹೋಗುತ್ತದೆ, ಮಕ್ಕಳು ಮತ್ತೆ ಕಟ್ಟೆಯ ಮೇಲೆ. ಒಗೆದ ಬಟ್ಟೆ ಹಾಕಿಕೊಂಡು ಪ್ರದರ್ಶನಕ್ಕೆ ಬನ್ನಿ ಎಂದು ಹೇಳಿ ಮಕ್ಕಳನ್ನು ಮನೆಗೆ ಕಳಿಸಿದ. ಆಮೇಲೆ ಬಾಗಿಲು ಹಾಕಿಕೊಂಡು ಕೂತ. ವಾರೆಯಾದ ಬಾಯಿಗಳನ್ನು ಚಾಕುವಿನಿಂದ ಸಮ ಮಾಡಿದ. ಉಬ್ಬಿದ ತಳಗಳನ್ನು ಉಜ್ಜಿದ. ಬೆರಳಿನ ಗುಳಿಗಳಿಗೆಲ್ಲ ಉಳಿದ ಮುದ್ದೆ ತುಂಬಿ ನುಣ್ಣಗೆ ಸವರಿದ. ಅವು ಒಣಗಿದ ಮೇಲೆ ಸುಣ್ಣ ಬಳಿದು, ಸುತ್ತ ಕೆಮ್ಮಣ್ಣಿನ ಗೆರೆ ಎಳೆದ. ಪ್ರೀತಿಯಿಂದಲೇ ಮಾಡಿದ. ಪ್ರೀತಿಯ ಹೆಸರಿನಲ್ಲಿ ಬಡವರಿಗೆ ಏನೇನು ಮಾಡಿದ್ದಾರೆ ಎಂದು ಹೇಳಲು ಹೊರಟರೆ ಈ ಕತೆ ಮುಗಿಯುವುದಿಲ್ಲ. ಮುಂದೆ ಕೇಳು.

ಒಂದು ಬುಟ್ಟಿ ಮಾತ್ರ ಉರುಳಿ ಮೂಲೆಯಲ್ಲಿದ್ದ ಹಳೆಯ ಗೋಣಿಚೀಲಗಳ ಹಿಂದೆ ಬಿದ್ದಿತ್ತು. ಮೇಷ್ಟ್ರು ಅದನ್ನು ನೋಡಲಿಲ್ಲ.

ಪ್ರದರ್ಶನದ ದಿನ ತಾಯಂದಿರು ಅರ್ಧ ದಿನದ ಕೂಲಿ ಬಿಟ್ಟು ಬಂದರು. ಸಾಹುಕಾರನೂ ಬಂದ. ಸಾಲಾಗಿ ಇಟ್ಟ ಬಿಳಿಯ ಬುಟ್ಟಿಗಳನ್ನು ನೋಡಿ, “ಪರವಾಗಿಲ್ಲವೇ! ಅಂಗಡಿಯಲ್ಲಿ ತಂದ ಹಾಗಿವೆ,” ಎಂದ. ಮೇಷ್ಟ್ರ ಎದೆಯ ಭಾರ ಇಳಿಯಿತು.

ಆಗ ಹುಡುಗಿಯ ತಾಯಿ ಮಗಳನ್ನು ಕೇಳಿದಳು. “ನಿಂದು ಯಾವುದೇ?”

ಹುಡುಗಿ ಸಾಲಿನ ಉದ್ದಕ್ಕೂ ನಡೆದಳು. ತಿರುಗಿ ಬಂದಳು. ಒಂದನ್ನು ಎತ್ತಿ ನೋಡಿ ಇಟ್ಟಳು. ಇನ್ನೊಂದನ್ನು ನೆಲದ ಮೇಲಿಟ್ಟು ವಾಲುತ್ತದೆಯೇ ಎಂದು ನೋಡಿದಳು. ಯಾವುದೂ ವಾಲಲಿಲ್ಲ.

“ಇಲ್ಲೇ ಇತ್ತಮ್ಮ.”

“ಇಲ್ಲೇ ಇದ್ದರೆ ತೋರಿಸು.”

“ಗೊತ್ತಾಗ್ತಿಲ್ಲ.”

“ನೀನು ಮಾಡಿದ್ದು ನಿನಗೇ ಗೊತ್ತಾಗ್ತಿಲ್ವಾ? ನೀನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ತಾನೇ? ರಜೆಯೆಲ್ಲ ಎಲ್ಲಿ ಅಲೆದೆ, ನಿಜ ಹೇಳು.”

ಸುಳ್ಳು ಹೇಳದ ಮಗು ಎಲ್ಲರ ಮುಂದೆ ಸುಳ್ಳಿಯಾಯಿತು. ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡಿದ. ಅಷ್ಟರಲ್ಲಿ ಉಳಿದ ತಾಯಂದಿರೂ ಕೇಳತೊಡಗಿದ್ದರು. ಒಂದು ಮಗುವಿಗೂ ತನ್ನದು ಸಿಗಲಿಲ್ಲ.

ದೋಸೆಯ ಮಾತಾಡಿದ್ದ ಹುಡುಗ ಬುಟ್ಟಿ ಹುಡುಕುತ್ತ ಚೀಲಗಳ ಹಿಂದೆ ತೂರಿದ. ಬಿದ್ದಿದ್ದ ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಬಂದ. ಬೂದುಬಣ್ಣ, ಸೊಟ್ಟ ಬಾಯಿ, ಮೈತುಂಬ ಗುಳಿ. ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. “ಅದು ನಂದು!” ಅಷ್ಟು ಬಿಳಿಯ ಬುಟ್ಟಿಗಳನ್ನು ಬಿಟ್ಟು ಆ ಒಂದಕ್ಕಾಗಿ ಜಗಳಕ್ಕೆ ಬಿದ್ದರು.

ಹುಡುಗಿ ಅದನ್ನು ಕಿತ್ತುಕೊಂಡು ಗುಳಿಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟಳು. ಕೂಡಲಿಲ್ಲ. ಬುಟ್ಟಿಯನ್ನು ಹುಡುಗನಿಗೆ ವಾಪಸು ಕೊಟ್ಟಳು.

“ಇದು ನಂದಲ್ಲ. ನಂದೂ ಹೀಗೇ ಇತ್ತು.”

ಹುಡುಗ ಬೆರಳಿಟ್ಟ. ಕೂಡಿತು. ಅವನು ಬುಟ್ಟಿಯನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ತಾಯಿಯ ಮುಂದೆ ನಿಂತ.

ಹುಡುಗಿಯ ತಾಯಿ ಬಿಳಿಯ ಸಾಲಿನ ಕಡೆಗೆ ಕೈ ತೋರಿಸಿದಳು. “ಮೇಷ್ಟ್ರೇ, ಹಾಗಾದರೆ ಇವೆಲ್ಲ ಯಾರವು?”

“ನನ್ನವು,” ಎಂದ ಮೇಷ್ಟ್ರು. “ನಿಮ್ಮ ಮಗಳು ಒಂದು ದಿನವೂ ತಪ್ಪಿಸಿಲ್ಲ. ತಪ್ಪು ನನ್ನದು.”

ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟಳು.

ಸಾಹುಕಾರ ಬಿದ್ದು ಬಿದ್ದು ನಕ್ಕ. “ನಿಮ್ಮ ಕೈ ಚೆನ್ನಾಗಿದೆ ಮೇಷ್ಟ್ರೇ! ಮುಂದಿನ ಬೇಸಿಗೆಗೆ ಶಿಬಿರ ನಿಮಗೇ ಇಡೋಣ. ಮಕ್ಕಳು ಬಂದು ನೋಡಲಿ.”

ತಾಯಂದಿರೂ ನಕ್ಕರು. ಕೊನೆಗೆ ಮೇಷ್ಟ್ರಿಗೂ ನಗು ಬಂತು. ನಗುವೆಲ್ಲ ತಣಿದ ಮೇಲೆ ನೋಡಿದರೆ ಹುಡುಗಿ ಅಲ್ಲಿರಲಿಲ್ಲ. ಹೊರಗೆ ದನಕ್ಕೆ ನೀರು ಕುಡಿಸುವ ಬಾನಿಯ ಬಳಿ ನಿಂತು, ಒಂದು ಬಿಳಿಯ ಬುಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಡಿದಿದ್ದಳು.

“ಏನು ಮಾಡ್ತಿದ್ದೀಯೇ?” ಎಂದು ತಾಯಿ ಕೇಳಿದಳು.

“ನೆನೆಸ್ತಿದ್ದೀನಿ. ರಜೆ ಇನ್ನೂ ಇದೆಯಲ್ಲ.”

ಉಳಿದ ಮಕ್ಕಳೂ ಓಡಿದರು. ಸುಣ್ಣ ಬಿಟ್ಟಿತು, ಕೆಮ್ಮಣ್ಣು ಕರಗಿತು, ಕಾಗದ ಮತ್ತೆ ಕಾಗದವಾಯಿತು. ಮರುದಿನ ಹಿಂಡಿ, ರುಬ್ಬಿ, ಮಡಕೆಗಳನ್ನು ಬೋರಲು ಹಾಕಿದರು. ಹುಡುಗಿಯ ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಇಣುಕಿದವಳು ಅಂಚು ಸರಿಮಾಡಲು ಕೈ ನೀಡಿದಳು. ಮಗಳು ಆ ಕೈಗೆ ಪಟ್ಟೆಂದು ಒಂದು ಕೊಟ್ಟಳು. ಮೇಷ್ಟ್ರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದ. ಅವನ ಬಾಳಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ.

ಬುಟ್ಟಿಗಳು ಮತ್ತೆ ಡೊಂಕಾಗಿಯೇ ಒಣಗಿದವು. ಸಾಹುಕಾರ ಮತ್ತೆ ಬಂದ. ಈ ಸಲ ಸಾಲು ನೋಡಲಿಲ್ಲ. ಒಂದೊಂದನ್ನು ಎತ್ತಿ, “ಇದು ಯಾರದ್ರೋ?” ಎಂದು ಕೇಳಿದ. ಪ್ರತಿ ಸಲವೂ ಒಂದು ಮಗು “ನಂದು” ಎಂದಿತು. “ನನಗೊಂದು ಕೊಡ್ರೋ,” ಎಂದಾಗ ಹುಡುಗಿ, “ಮುದ್ದೆ ಉಳಿದಿದೆ, ನೀವೇ ಮಾಡಿಕೊಳ್ಳಿ,” ಎಂದಳು. ಸಾಹುಕಾರ ತೋಳು ಮಡಿಸಿ ಕೂತ. ಅವನದು ಎಲ್ಲಕ್ಕಿಂತ ಸೊಟ್ಟಗಾಯಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ. ಜಾಗದ ಮಾತು ಯಾರೂ ಎತ್ತಲಿಲ್ಲ. ಮುಂದಿನ ಬೇಸಿಗೆಗೆ ಗೋದಾಮಿನ ಬಾಗಿಲು ತೆರೆದೇ ಇತ್ತು.

ಹುಡುಗಿಯ ತಾಯಿ ವಾಲುವ ಬುಟ್ಟಿಯಲ್ಲಿ ಮೆಣಸಿನಕಾಯಿ ತುಂಬಿಟ್ಟಳು. ಒಂದೂ ಚೆಲ್ಲಲಿಲ್ಲ.

ಗುರು ಕತೆ ನಿಲ್ಲಿಸಿದರು. ಹೊನ್ನೂರನಿಗೆ ಸಮಾಧಾನವಾಗಲಿಲ್ಲ.

“ಕತೆಯ ಸಾಹುಕಾರ ಒಳ್ಳೆಯವನಾದ, ಗುರುಗಳೇ. ನಾಳೆ ನಮ್ಮಲ್ಲಿಗೆ ಬರುವವರು ನಗುತ್ತಾರೆ. ಕಲ್ಲು ಒಡೆಯುವವರ ಮಕ್ಕಳ ಕೈ ಇಷ್ಟೇ ಎನ್ನುತ್ತಾರೆ.”

“ನಗಲಿ. ಅವರು ನಗುವ ಮನೆಗಳ ಗೋಡೆಗೆ ಕಲ್ಲು ಒಡೆದುಕೊಟ್ಟದ್ದು ಈ ಮಕ್ಕಳ ಅಪ್ಪಂದಿರು. ಅದು ಬಿಡು. ಮಕ್ಕಳು ಏನನ್ನುತ್ತಾರೆ?”

“ಮಕ್ಕಳೇ? ಅವರಿಗೇನು. ಡೊಂಕು ಬಂಡಿಯನ್ನೇ ಕೇರಿತುಂಬ ಓಡಿಸಿಕೊಂಡು ಖುಷಿಯಾಗಿದ್ದಾರೆ.”

“ಹಾಗಾದರೆ ಈ ಬಣ್ಣವನ್ನು ಯಾರ ನಾಚಿಕೆಯ ಮೇಲೆ ಬಳಿಯಲು ತಂದೆ, ಹೊನ್ನೂರ?”

ಹೊನ್ನೂರ ಡಬ್ಬಿಯನ್ನು ಮುಚ್ಚಳ ತೆಗೆಯದೆ ಅಲ್ಲೇ ಬಿಟ್ಟು ಕೇರಿಯ ಕಡೆಗೆ ಹೊರಟ.