ಹಾರ ಹಾಕಿಸಿಕೊಂಡ ಔಷಧಿ ಕ್ಯಾನು

"ಗುರುಗಳೇ, ಸಿಟ್ಟು ಬಿಡಬೇಕೆಂದು ಒಂಬತ್ತು ವರ್ಷದಿಂದ ಸೋಮವಾರ ಉಪವಾಸ ಮಾಡುತ್ತಿದ್ದೇನೆ. ಸಣ್ಣಪುಟ್ಟ ಸಿಟ್ಟೆಲ್ಲ ಹೋಯಿತು. ಮಠದ ಅಡುಗೆಯವನ ಮೇಲಿನದು ಮಾತ್ರ ವರ್ಷದಿಂದ ವರ್ಷಕ್ಕೆ ಬಲಿಯುತ್ತಿದೆ. ಇವತ್ತು ಅವನ ಮೇಲೆ ಸೌಟು ಎಸೆದೆ. ಇನ್ನೊಮ್ಮೆ ಹೀಗಾದರೆ ಮಠ ಬಿಡಬೇಕಂತೆ. ಗುರುವಾರವೂ ಉಪವಾಸ ಹಿಡಿಯಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಸಾಹುಕಾರನ ಬಂಗಲೆಯ ಮುಂದೆ ಹುಲ್ಲುಹಾಸು ಇತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮಾಲಿ, ಸಾಹುಕಾರ ಕೊಟ್ಟ ಹಿತ್ತಲಿನ ಮನೆಯಲ್ಲಿ ಇದ್ದ. ಒಂದು ವರ್ಷ ಹುಲ್ಲಿನ ನಡುವೆ ಕಳೆ ಎದ್ದಿತು. ಮಾಲಿ ಅಂಗಡಿಯಿಂದ ಔಷಧಿ ತಂದು ಹೊಡೆದ. ಕಳೆ ಒಣಗಿ ಮಲಗಿತು. ಸಾಹುಕಾರ ಮೆಚ್ಚಿ ಮಾಲಿಗೆ ಶಾಲು ಹೊದಿಸಿದ. ನಾಲ್ಕೈದು ಕಳೆಗಿಡ ಇನ್ನೂ ನಿಂತೇ ಇದ್ದವು. ಶಾಲು ಹೊದ್ದವನಿಗೆ ಅವು ಕಾಣಲಿಲ್ಲ.

ಅಂದಿನಿಂದ ಮಾಲಿಗೆ ಆ ಔಷಧಿಯೇ ದೇವರು. ಆಯುಧಪೂಜೆಯ ದಿನ ಔಷಧಿ ಹೊಡೆಯುವ ಕ್ಯಾನಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಿದ್ದ. ಮರುದಿನ ಅದೇ ಔಷಧಿ, ಅದೇ ಅಳತೆ. ಅಪ್ಪನ ಕಾಲದ ಕಳೆಗುದ್ದಲಿಗೆ ಪೂಜೆಯಿಲ್ಲ. ಅದು ಕೋಳಿಗೂಡಿನ ಬಾಗಿಲಿಗೆ ಅಗುಳಿಯಾಗಿತ್ತು.

ಆರನೆಯ ವರ್ಷ ಔಷಧಿ ಹೊಡೆದರೆ ಕಳೆ ಎಣ್ಣೆಸ್ನಾನ ಮಾಡಿದಂತೆ ನಳನಳಿಸಿತು. ಸಾಹುಕಾರ ಮಾಲಿಯನ್ನು ಕರೆದು, "ಎರಡು ತಿಂಗಳಿಗೆ ಮಗಳ ಆರತಕ್ಷತೆ. ಇದೇ ಹುಲ್ಲಿನ ಮೇಲೆ. ಅಂದು ಕಳೆ ಇದ್ದರೆ ಮನೆ ಖಾಲಿ ಮಾಡಿ ಹೊರಡು" ಎಂದ.

ಮಾಲಿ ಹೆದರಿ ಔಷಧಿಯ ಅಳತೆಯನ್ನು ಎರಡು ಪಟ್ಟು ಮಾಡಿದ. ಹುಲ್ಲು ಹಳದಿಯಾಯಿತು. ಕಳೆ ಹಸಿರಾಗಿಯೇ ಇತ್ತು. ಬೀಗರಿಗೆ ತೋರಿಸಲು ಈಗ ಕಳೆಯೊಂದೇ ಚೆನ್ನಾಗಿತ್ತು.

ಮಾಲಿಯ ಹೆಂಡತಿ ಬಂದು ನೋಡಿದಳು.

"ನಿನ್ನ ಪೂಜೆಗೆ ಬೆಂಕಿ ಹಾಕ! ಈ ಔಷಧಿಗೆ ಸಾಯೋವನ್ನೆಲ್ಲ ಸಾಯಿಸಿದೆ, ಸಾಯದವನ್ನ ಬೀಜಕ್ಕೆ ಬಿಟ್ಟೆ. ಈಗಿರೋವೆಲ್ಲ ಅವುಗಳ ಮಕ್ಕಳು ಮೊಮ್ಮಕ್ಕಳು. ನೀನು ಕ್ಯಾನು ಎತ್ತಿದರೆ ಅವು ಬಾಯಿ ತೆರೀತಾವೆ."

"ಹಾಗಾದರೆ ಬೇರೆ ಔಷಧಿ ತರಲೇನೇ?"

"ತರುವೆಯಂತೆ, ಬೇಕಾದಾಗ, ಬೇರೆ ಜಾತಿದು. ಅದಕ್ಕೂ ಹಾರ ಹಾಕಬೇಡ. ಈಗ ಮೊಣಕಾಲೂರಿ ಕೂತ್ಕೋ."

ಅವಳು ಕೋಳಿಗೂಡಿನ ಕಳೆಗುದ್ದಲಿ ಎಳೆದು ತಂದಳು. ಕೋಳಿಗಳೆಲ್ಲ ಸಾಹುಕಾರನ ವರಾಂಡ ಸೇರಿದವು. ಕಳೆ ಬೀಜ ಕಟ್ಟುವ ಮೊದಲೇ ಗಂಡ ಹೆಂಡತಿ ಒಂದೊಂದನ್ನೂ ಬೇರುಸಹಿತ ಕಿತ್ತರು. ಬೋಳುತಲೆಯಂತೆ ಕತ್ತರಿಸುತ್ತಿದ್ದ ಹುಲ್ಲನ್ನು ಎರಡು ಬೆರಳು ಎತ್ತರ ಬಿಟ್ಟರು. ಹುಲ್ಲು ಚೇತರಿಸಿಕೊಂಡು ದಟ್ಟವಾಯಿತು. ಅದರ ನೆರಳಿನಲ್ಲಿ ಹೊಸ ಕಳೆ ಏಳಲಿಲ್ಲ.

ಆರತಕ್ಷತೆಯ ದಿನ ಎರಡೇ ಕಳೆ ಉಳಿದಿದ್ದವು. ಸಾಹುಕಾರ ನೋಡಲು ಬಂದಾಗ ಮಾಲಿಯ ಹೆಂಡತಿ ಅವುಗಳ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಅವನು ಅತ್ತ ಹೋದ ಮೇಲೆ ಎದ್ದು ಕಿತ್ತಳು. ಮನೆ ಉಳಿಯಿತು.

"ಮುಂದಿನ ಆಯುಧಪೂಜೆಗೆ ಮಾಲಿ ಕಳೆಗುದ್ದಲಿಗೆ ಹಾರ ಹಾಕಲು ಹೋದ. ಹೆಂಡತಿ ಕೈಗೊಂದು ಕೊಟ್ಟಳು" ಎಂದು ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತು. "ಅರ್ಥವಾಯಿತು ಗುರುಗಳೇ. ಸೋಮವಾರ ಬಿಟ್ಟು ಇನ್ನು ಶನಿವಾರ ಉಪವಾಸ ಮಾಡುತ್ತೇನೆ."

ಗುರುಗಳು ಹೇಳಿದರು: "ಸೋಮವಾರ ಹೊಟ್ಟೆ ತುಂಬ ಉಣ್ಣು, ಅದಕ್ಕೆ ಮೊದಲು ಆ ಅಡುಗೆಯವನ ಪಕ್ಕ ಕೂತು ಬದನೆಕಾಯಿ ಹೆಚ್ಚಿಕೊಡು."