ಹಚ್ಚದ ಕರ್ಪೂರ

ಗಿರಿಜವ್ವನ ದೇವರ ಮನೆಯ ಡಬ್ಬಿಯಲ್ಲಿ ಒಂದು ಕರ್ಪೂರದ ಬಿಲ್ಲೆಯಿತ್ತು. ಆರತಿಗೆಂದು ಬೆರಳು ಒಳಗೆ ಬಂದಾಗಲೆಲ್ಲ ಅದು ಜೊತೆಯ ಬಿಲ್ಲೆಗಳನ್ನು ಮುಂದೆ ಮಾಡಿ ತಾನು ಮೂಲೆಗೆ ಸರಿಯುತ್ತಿತ್ತು. ಮನೆಗೆ ಹೊಸ ಡಬ್ಬಿ ಬಂದಾಗ ಹಳೆಯದರಲ್ಲಿ ಉಳಿದದ್ದು ಅದೊಂದು, ಮತ್ತೆ ಕರ್ಪೂರ ಕರಗದಿರಲೆಂದು ಹಾಕಿದ್ದ ಒಂದು ಕಾಳುಮೆಣಸು.

“ಅವರೆಲ್ಲ ಬಿಸಿಗೆ ಸಿಕ್ಕಿ ಚದುರಿಹೋದರು,” ಎಂದಿತು ಬಿಲ್ಲೆ. “ನಾನು ತಂಪಿನಲ್ಲಿದ್ದೇನೆ. ನನ್ನ ಒಂದು ಕಣವೂ ಅಲುಗುವುದಿಲ್ಲ.”

“ಅಲುಗುತ್ತಲೇ ಇವೆ,” ಎಂದಿತು ಮೆಣಸು. “ಬಿಸಿಯೆಂದರೆ ಕಣಗಳ ಕುಣಿತ ಜೋರಾಗುವುದು, ತಂಪೆಂದರೆ ಮೆಲ್ಲಗಾಗುವುದು, ಅಷ್ಟೆ. ಇಲ್ಲಿ ನಿಂತದ್ದು ಯಾವುದೂ ಇಲ್ಲ.”

“ನನಗಂತೂ ಗೊತ್ತಾಗುತ್ತಿಲ್ಲ.”

“ಮುಚ್ಚಳ ತೆಗೆದಾಗ ಘಮ್ಮೆನ್ನುತ್ತದಲ್ಲ, ಆಗ ಹೊರಟುಹೋಗುವುದು ಯಾರೆಂದುಕೊಂಡೆ?”

ಬಿಲ್ಲೆ ಮೂಲೆಗೆ ಇನ್ನಷ್ಟು ಒತ್ತಿಕೊಂಡಿತು.

ಚಳಿಗಾಲ ಕಳೆದು ಬೇಸಿಗೆ ಬಂತು. ಹೊಸ ಡಬ್ಬಿ ಬರಿದಾದ ದಿನ ಗಿರಿಜವ್ವ ಹಳೆಯದನ್ನು ತೆಗೆದು ನೋಡಿದರೆ ಒಳಗೆ ಮೆಣಸೊಂದೇ ಇತ್ತು.

“ಇದ್ದ ಒಂದು ಬಿಲ್ಲೆಯನ್ನು ಯಾರು ಹಚ್ಚಿದಿರಿ?” ಎಂದು ಮನೆಮಂದಿಯನ್ನೆಲ್ಲ ಕೇಳಿದಳು.

ಯಾರೂ ಹಚ್ಚಿರಲಿಲ್ಲ.