ಮುತ್ತಿನ ಸುಣ್ಣ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟೋ ಮುಂಚೆ, ಹೊನ್ನಗಿರಿ ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿಯ ಅರಮನೇಲಿ ದೊರೆಯ ಎಲೆಅಡಿಕೆ ಚೀಲ ಹಿಡಿಯೋಳು ಚಂಪವ್ವ. ದೊರೆ ಕೈಯಾರೆ ವೀಳ್ಯ ಕೊಟ್ಟು ಕೆಲಸ ಹೇಳಿದ್ರೆ ಅದನ್ನ ಅಲ್ಲೇ ಅಗಿದು ಹೊರಡಬೇಕು, ಉಗುಳಿದ್ರೆ ತಲೆ ಹೋಗೋದಂತೆ. ಆ ವೀಳ್ಯಕ್ಕೆ ನಮ್ಮ ನಿಮ್ಮ ಸುಣ್ಣ ಅಲ್ಲಪ್ಪ, ಮುತ್ತು ಸುಟ್ಟು ಮಾಡಿದ್ದು, ಬೆಣ್ಣೆ ಹಂಗೆ ತಣ್ಣಗೆ. ಅದರ ಡಬ್ಬಿ ಸದಾ ಚಂಪವ್ವನ ಸೊಂಟದಲ್ಲೇ.

ಒಂದು ಸಲ ದೊರೆ ಕಾಯಿಲೆ ಬಿದ್ರಂತೆ. ಮಂತ್ರಿ ಮಾರಪ್ಪಯ್ಯ, ಆಸೆಬುರುಕ, ಗಾಳಿ ಸೋಕಬಾರದು ಅಂತ ತೆರೆ ಕಟ್ಟಿಸಿ ಚಂಪವ್ವನ್ನೂ ಒಳಗೆ ಬಿಡಲಿಲ್ಲವಂತೆ. ಆಮೇಲೆ ದೊರೆಯ ಮೂವರು ಗಂಡುಮಕ್ಕಳಲ್ಲಿ ಹಿರಿಯವನಿಗೆ ಕರೆ ಬಂತು, ತೆರೆಯೊಳಗಿಂದ ದೊರೆಯ ಮುದ್ರೆಯುಂಗುರ ತೊಟ್ಟ ಕೈ ವೀಳ್ಯ ಕೊಡ್ತು, ಗಡಿಗೆ ಹೋಗು ಅಂತ ಅಪ್ಪಣೆ ಆಯ್ತು. ಬಾಯಿ ಸುಟ್ಟು ಕಣ್ಣಲ್ಲಿ ನೀರು ಬಂದ್ರೂ ಅವನು ತುಟಿಪಿಟಕ್ಕನ್ನದೆ ನುಂಗಿ ಹೋದನಂತೆ. ಆಮೇಲೆ ಎರಡನೆಯವನೂ ಹಂಗೇ ನುಂಗಿ ಕಡಲ ಕೋಟೆಗೆ ಹೋದನಂತೆ. ಆಮೇಲೆ ಕಿರಿಯವನು, ಬೊಮ್ಮರಸ. ಅವನಿಗೆ ಕಾಡಿನ ಠಾಣೆ. ಅವನು ಮಾತ್ರ ಸೀದಾ ಚಂಪವ್ವನ ಹತ್ರ ಓಡಿಬಂದು, ಅವ್ವಾ, ಅಪ್ಪಾಜಿ ಕೊಟ್ಟ ವೀಳ್ಯ ತಿಂದು ನನ್ನ ನಾಲಿಗೆ ಬೊಬ್ಬೆ ಎದ್ದಿದೆ, ತುಪ್ಪ ಹಚ್ಚು ಅಂದನಂತೆ.

ಚಂಪವ್ವ ಥಟ್ಟನೆ ಸೊಂಟ ಮುಟ್ಟಿ ನೋಡ್ಕೊಂಡಳು, ಡಬ್ಬಿ ಇಲ್ಲೇ ಇದೆ. ಸುಣ್ಣ ಅಂದ್ರೆ ಸುಣ್ಣ ತಾನೇ ಅಂತ ಆ ಮಂತ್ರಿ ತನ್ನ ಮನೇದನ್ನೇ ಸವರಿದ್ದ, ಮಂಕ! ಮೂವರೂ ಹೋದ ಮೇಲೆ ದೊರೆ ಜೀವ ಉಳಿಯುತ್ತಾ, ಸಿಂಹಾಸನ ಉಳಿಯುತ್ತಾ? ಹುಡುಗನ ಕೈ ಹಿಡ್ಕೊಂಡು ಕಾವಲುಭಟರ ಮುಂದೆ ನಿಂತಳಂತೆ. ತೆರೆ ಕಟ್ಟಿ ಹದಿನೈದು ದಿನ ಆಯ್ತು, ದೊರೆ ಸುಣ್ಣ ನನ್ನ ಸೊಂಟ ಬಿಟ್ಟಿಲ್ಲ, ಈ ನಾಲಿಗೆ ನೋಡ್ರೋ, ಇದು ದೊರೆ ವೀಳ್ಯಾನಾ? ತೆರೆ ಎಳೀರಿ, ಸುಳ್ಳಾದ್ರೆ ನನ್ನ ತಲೆ ತಗೊಳ್ಳಿ ಅಂದಳಂತೆ.

ಎಳೆದ್ರು. ಉಂಗುರ ಮಂತ್ರಿ ಬೆರಳಲ್ಲಿ! ದೊರೆ ಮಂಚದಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸ್ಕೊಂಡು, ಪಾಪ.

ಆಮೇಲೆ ದೊರೆ ಚೇತರಿಸ್ಕೊಂಡು ಮಕ್ಕಳನ್ನ ಕರೆಸಿ, ಪಟ್ಟ ಬೊಮ್ಮರಸನಿಗೆ ಅಂದ್ರಂತೆ. ನಮಗೂ ಬಾಯಿ ಸುಟ್ಟಿತ್ತಲ್ಲ ಅಂದ್ರಂತೆ ದೊಡ್ಡವರಿಬ್ಬರೂ. ಸುಟ್ಟಿತ್ತು, ಹೇಳಲಿಲ್ಲ, ನಾಳೆ ರಾಜ್ಯ ಸುಟ್ಟರೂ ಹೇಳಲ್ಲ ನೀವು ಅಂದ್ರಂತೆ ದೊರೆ.

ಮಂತ್ರಿಗೆ ಸುಣ್ಣದ ಭಟ್ಟಿ ಕಾಯೋ ಕೆಲಸ ಆಯ್ತು. ಹೊಸ ದೊರೆ ತಮ್ಮ ಮೊದಲನೇ ವೀಳ್ಯ ಮಡಿಸಿ ಚಂಪವ್ವನ ಕೈಗೇ ಕೊಟ್ಟರಂತೆ. ಮೂವತ್ತು ವರ್ಷ ಬೇರೆಯವರಿಗೇ ಮಡಿಸಿದೋಳು, ಅವತ್ತು ತಾನು ಅಗಿದು ಅತ್ತುಬಿಟ್ಟಳಂತೆ.

ಅವರು ತಣ್ಣಗೆ ಬಾಳಿದ್ರು, ನಮ್ಮ ಕತೆ ಇಲ್ಲಿಗೆ ಮುಗೀತು. ನಿನಗೂ ಎಲ್ಲಾದ್ರೂ ಚುರುಕ್ ಅಂದ್ರೆ ನುಂಗ್ಕೋಬೇಡ ಕಂದಾ, ಅಜ್ಜಿಗೆ ಹೇಳು. ಈಗ ಮಲಗು.